ಹನ್ನೆರಡು ಲೀಟರಿನ ಪಾತ್ರೆ, ಇಪ್ಪತ್ತಮೂರು ಲೀಟರಿನ ಆಸೆ

ಆಯುಸ್ಸಿನ ಅರ್ಧಭಾಗವನ್ನು ಕಾಫಿ ಡಿಕಾಕ್ಷನ್ನಿನ ವಾಸನೆಯಲ್ಲಿಯೇ ಕಳೆದ ಈ ಲೇಖಕನು ಬಿಯರಿನ ವಿಷಯವಾಗಿ ಬರೆಯಲು ಹೊರಟಿರುವುದನ್ನು ಕಂಡು ನಮ್ಮ ಹಿರಿಯ ಓದುಗರಲ್ಲಿ ಕೆಲವರಾದರೂ ಹುಬ್ಬೇರಿಸುವರೆಂಬುದನ್ನು ನಾನು ಬಲ್ಲೆ. ಆ ಪಾನೀಯವನ್ನು ಇದುವರೆಗೆ ತುಟಿಗೆ ಸೋಕಿಸಿದವನು ನಾನಲ್ಲ. ಇನ್ನು ಮುಂದೆ ಸೋಕಿಸುವ ಬಯಕೆಯೂ ಇಲ್ಲ. ಆದರೆ ಕಳೆದ ಚಳಿಗಾಲದಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ವ್ಯಾಸಂಗ ಮಾಡುತ್ತಿರುವ ನನ್ನ ಅಣ್ಣನ ಮಗನಿಂದ ಬಂದ ಪತ್ರವೊಂದು ನನ್ನನ್ನು ಈ ವಿಷಯದೊಳಕ್ಕೆ ಎಳೆಯಿತು. ಆ ಪತ್ರದಲ್ಲಿ ಅವನು ಕೇಳಿದ್ದುದು ಮದ್ಯದ ಪ್ರಶ್ನೆಯನ್ನಲ್ಲ, ಪಾತ್ರೆಯ ಪ್ರಶ್ನೆಯನ್ನು. ಪಾತ್ರೆಯ ಪ್ರಶ್ನೆಗೆ ಉತ್ತರ ಹೇಳದೆ ಸುಮ್ಮನಿರುವುದು ಹೋಟೆಲು ನಡೆಸಿದವನಿಗೆ ಕಷ್ಟ.

ನಡೆದುದಿಷ್ಟು. ಹುಡುಗನು ಬಿಡುವಿನ ವೇಳೆಯಲ್ಲಿ ದುಡಿದು ಉಳಿಸಿದ ಹಣದಿಂದ ಮನೆಯಲ್ಲಿ ಬಿಯರ್ ತಯಾರಿಸುವ ಸಾಮಗ್ರಿಯನ್ನು ಕೊಂಡಿದ್ದನು. ಅಲ್ಲಿ ಅದಕ್ಕೆ ಮುಚ್ಚುಮರೆಯಿಲ್ಲ. ಅಂಗಡಿಗಳಲ್ಲಿ ದೊರೆಯುವ ಸಾಮಗ್ರಿ ಸಾಮಾನ್ಯವಾಗಿ 23 ಲೀಟರಿನ ಲೆಕ್ಕದ್ದು, ಎಂದರೆ ಅವರ ಹಳೆಯ ಅಳತೆಯ ಐದು ಗ್ಯಾಲನ್ನು. ಮೂರು ಕಿಲೋ ಮಾಲ್ಟಿನ ಪಾಕ, ಹಾಪ್ಸ್ ಹೂವು, ಯೀಸ್ಟ್, ಹುದುಗಿಸಲು ಮುಚ್ಚಳವುಳ್ಳ ದೊಡ್ಡ ಬಕೆಟ್, ಎಲ್ಲವೂ ಇದ್ದುವು. ಇಲ್ಲದಿದ್ದುದು ಒಂದೇ, ಅದನ್ನು ಕುದಿಸುವ ಪಾತ್ರೆ. ಬಾಡಿಗೆಮನೆಯ ಅಡಿಗೆಯ ಕೋಣೆಯಲ್ಲಿ ಇದ್ದುದರಲ್ಲಿ ಅತ್ಯಂತ ದೊಡ್ಡದು 12 ಲೀಟರಿನದು. ಹುಡುಗನು ಅದರ ಕಂಠದವರೆಗೆ ನೀರು ತುಂಬಿ, ಉರಿಯುವ ಒಲೆಯ ಮೇಲೆಯೇ ಮೂರು ಕಿಲೋ ಪಾಕವನ್ನೂ ಸುರಿದನು. ಜೇನಿನಂತೆ ದಪ್ಪವಾದ ಆ ಪಾಕವು ನೇರವಾಗಿ ತಳಕ್ಕಿಳಿದು ಸೀದಿತು. ಮೇಲೆ ಹಾಪ್ಸ್ ಹಾಕಿದ ಕ್ಷಣದಲ್ಲಿ ನೊರೆಯೆದ್ದು ಉಕ್ಕಿ, ಒಲೆಯೂ ನೆಲವೂ ಅಂಟಿನಿಂದ ಮುಚ್ಚಿದುವು. ಪಾತ್ರೆಯನ್ನು ಕೆಳಗಿಳಿಸಲು ಹೋದವನ ಎಡಮುಂಗೈ ಬೆಂದಿತು. ಉಳಿದುದನ್ನು ಹೇಗೋ ಹುದುಗಿಸಿ ಒಂದು ತಿಂಗಳಾದ ಮೇಲೆ ರುಚಿ ನೋಡಿದರೆ ಸುಟ್ಟ ಬೆಲ್ಲದ ನೀರು. ಅಷ್ಟೂ ಮೋರಿಯ ಪಾಲಾಯಿತು. ಮನೆಯೊಡತಿಯು ಒಲೆಯನ್ನು ನೋಡಿ, ಮತ್ತೊಮ್ಮೆ ಹೀಗಾದರೆ ಬೇರೆ ಮನೆ ಹುಡುಕಿಕೊಳ್ಳಬೇಕೆಂದು ಸ್ಪಷ್ಟವಾಗಿಯೇ ಹೇಳಿದಳಂತೆ.

“ಇನ್ನೊಂದು ಸಲಕ್ಕೆ ಸಾಕಾಗುವಷ್ಟು ಹಣ ಮಾತ್ರ ಇದೆ, ಚಿಕ್ಕಪ್ಪ. ದೊಡ್ಡ ಪಾತ್ರೆ ಕೊಂಡರೆ ಸಾಮಾನಿಗೆ ಹಣವಿಲ್ಲ. ಸಾಮಾನು ಕೊಂಡರೆ ಪಾತ್ರೆಯಿಲ್ಲ. ಗೆಳೆಯರನ್ನು ಕರೆದಾಗಿದೆ. ನೀವು ಹೋಟೆಲಿನಲ್ಲಿ ಏನು ಮಾಡುತ್ತಿದ್ದಿರಿ?” ಎಂದು ಪತ್ರದ ಕೊನೆಯಲ್ಲಿ ಬರೆದಿದ್ದನು. ಅಪ್ಪನಿಗೆ ಹೇಳಬೇಡಿರೆಂದೂ ಒಂದು ಸಾಲು ಇದ್ದಿತು.

ಹೋಟೆಲಿನಲ್ಲಿ ನಾವೇನು ಮಾಡುತ್ತಿದ್ದೆವು? ಮುಂಬಯಿಯಲ್ಲಿ ನಾನು ಮೊದಲು ಹೋಟೆಲು ತೆರೆದಾಗ ಕಾಫಿಗೆ ಇದ್ದುದು ಒಂದೇ ಸಣ್ಣ ಹಿತ್ತಾಳೆಯ ಫಿಲ್ಟರು. ಬೆಳಗಿನ ಏಳರಿಂದ ಒಂಬತ್ತರವರೆಗೆ, ಕಚೇರಿಗೆ ಓಡುವವರ ಗದ್ದಲದಲ್ಲಿ, ಅದು ಎರಡು ಸಲ ಖಾಲಿಯಾಗುತ್ತಿದ್ದಿತು. ಮೊದಮೊದಲು ನಾನು ಅದೇ ಪುಡಿಯ ಮೇಲೆ ಮತ್ತೆ ಮತ್ತೆ ನೀರು ಸುರಿಸಿ ತೆಳ್ಳನೆಯ ಕಹಿನೀರನ್ನು ಮಾರಿ ಗಿರಾಕಿಗಳ ಬೈಗುಳ ತಿಂದೆ. ನಮ್ಮ ಅಡಿಗೆಭಟ್ಟರೊಬ್ಬರು ದಾರಿ ತೋರಿದರು: ನಸುಕಿನಲ್ಲಿಯೇ ಪುಡಿ ಹೆಚ್ಚು ಹಾಕಿ ಅತಿ ಗಟ್ಟಿಯಾದ ಡಿಕಾಕ್ಷನ್ ಇಳಿಸಿಟ್ಟುಕೊಳ್ಳುವುದು, ಲೋಟಕ್ಕೆ ಬೇಕಾದಷ್ಟೇ ಬೆರೆಸಿ ಹಾಲು, ಬಿಸಿನೀರುಗಳಿಂದ ಹದಕ್ಕೆ ತರುವುದು. ಪಾತ್ರೆ ಸಣ್ಣದಿದ್ದರೆ ಸಾರವನ್ನು ಗಟ್ಟಿಮಾಡಬೇಕು, ನೀರನ್ನು ಆಮೇಲೆ ಕೂಡಿಸಬೇಕು. ಬಿಯರಿಗೂ ಇದೇ ಉಪಾಯ ನಡೆಯುತ್ತದೆಯೇ ಎಂದು ಪುಸ್ತಕಗಳನ್ನು ತೆರೆದು ನೋಡಿದಾಗ, ಇಂಗ್ಲೆಂಡ್ ಅಮೆರಿಕಗಳ ಮನೆಮನೆಗಳಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಇದೇ ಎಂದು ತಿಳಿದು ನನಗೆ ಸಂತೋಷವೇ ಆಯಿತೆನ್ನಬೇಕು.

ಬಿಯರ್ ಎಂದರೇನೆಂಬುದನ್ನು ಇಲ್ಲಿ ನಾಲ್ಕು ಮಾತುಗಳಲ್ಲಿ ಹೇಳದಿದ್ದರೆ ಮುಂದಿನದು ತಿಳಿಯದು. ಜವೆಗೋಧಿಯನ್ನು ನೆನೆಯಿಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ನಮ್ಮವರು ರಾಗಿಯನ್ನು ಮೊಳಕೆ ಕಟ್ಟಿಸಿ ಮಾಡುವ ಮಾಲ್ಟಿನ ಅಣ್ಣತಮ್ಮನಿದು. ಅದನ್ನು ಒಡೆದು 65ರಿಂದ 68 ಡಿಗ್ರಿ ಸೆಲ್ಸಿಯಸ್ ಶಾಖದ ನೀರಿನಲ್ಲಿ ಒಂದು ಗಂಟೆಯ ಕಾಲ ಇಟ್ಟರೆ, ಕಾಳಿನಲ್ಲಿಯೇ ಇರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯನ್ನಾಗಿ ಮಾರ್ಪಡಿಸುತ್ತವೆ. ಸೋಸಿದ ಈ ಸಿಹಿರಸಕ್ಕೆ ವರ್ಟ್ ಎಂದು ಹೆಸರು. ಇದನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನೊಡನೆ ಸುಮಾರು ಒಂದು ಗಂಟೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿ ಹುದುಗಲು ಬಿಡುತ್ತಾರೆ. ಕುದಿಸುವುದರಿಂದ ರಸವು ಶುದ್ಧವಾಗುತ್ತದೆ, ಅದರಲ್ಲಿರುವ ಪ್ರೋಟೀನು ಹೆಪ್ಪುಗಟ್ಟಿ ಬೇರೆಯಾಗುತ್ತದೆ, ಹಾಪ್ಸಿನಲ್ಲಿರುವ ಆಲ್ಫಾ ಆಮ್ಲಗಳು ರೂಪಾಂತರ ಹೊಂದಿ ನೀರಿನಲ್ಲಿ ಕರಗುವ ಕಹಿಯಾಗುತ್ತವೆ. ಇಷ್ಟೆಲ್ಲ ಕೆಲಸವನ್ನು ಮಾಡುವ ಕುದಿತವು ಪೂರ್ತಿ 23 ಲೀಟರಿಗೂ ನಡೆಯಬೇಕೆಂದರೆ, ಆವಿಯಾಗುವುದನ್ನೂ ನೊರೆಗೆ ಬೇಕಾದ ಜಾಗವನ್ನೂ ಸೇರಿಸಿ, ಮೂವತ್ತು ಲೀಟರಿಗಿಂತ ದೊಡ್ಡ ಪಾತ್ರೆಯೇ ಬೇಕು. ಮಾಲ್ಟಿನ ಕಾರಖಾನೆಯವರು ಸಿಹಿರಸವನ್ನು ಇಳಿಸಿ ಬತ್ತಿಸಿ ಪಾಕಮಾಡಿ ಮಾರುವುದರಿಂದ, ಮನೆಯವನಿಗೆ ಕಾಳನ್ನು ನೆನೆಯಿಸುವ ಶ್ರಮ ತಪ್ಪಿ ಕುದಿಸುವುದು ಮಾತ್ರ ಉಳಿಯುತ್ತದೆ. ನನ್ನ ಅಣ್ಣನ ಮಗನು ಕೊಂಡಿದ್ದುದು ಇಂಥ ಪಾಕವನ್ನು.

ಹಾಗಾದರೆ ಹನ್ನೆರಡು ಲೀಟರಿನ ಪಾತ್ರೆಯವನು ಮಾಡಬೇಕಾದುದೇನು? ನೀರೂ ಪಾಕವೂ ಸೇರಿ ಒಂಬತ್ತು ಲೀಟರಿಗಿಂತ ಹೆಚ್ಚಾಗಕೂಡದು, ಇದು ಮೊದಲ ಮಾತು. ದೋಸೆಯ ಹಿಟ್ಟು ಉಬ್ಬುವುದೆಂದು ತಿಳಿದು ನಾವು ಪಾತ್ರೆಯಲ್ಲಿ ಜಾಗ ಬಿಡುವಂತೆ, ನೊರೆಗಾಗಿ ಮೂರು ಲೀಟರಿನ ಜಾಗ ಬಿಡಲೇಬೇಕು. ಪಾಕವನ್ನು ಬೆರೆಸುವಾಗ ಒಲೆಯನ್ನು ಆರಿಸಬೇಕು. ಸೌಟಿನಿಂದ ತಳವನ್ನು ಕೆರೆದು ನೋಡಿ, ಪೂರ್ತಿ ಕರಗಿತೆಂದು ಖಚಿತವಾದ ಮೇಲೆಯೇ ಉರಿ ಹಾಕಬೇಕು. ಸಕ್ಕರೆಪಾಕ ಹಿಡಿದ ಯಾವ ಅಡಿಗೆಯವನಿಗಾದರೂ ಇದನ್ನು ಹೇಳಿಕೊಡಬೇಕಾಗಿಲ್ಲ. ಪಾತ್ರೆಯನ್ನು ಪೂರ್ತಿ ಮುಚ್ಚಬಾರದು. ಮುಚ್ಚಿದರೆ ಉಕ್ಕುವ ಭಯವೊಂದು. ಬರಿಯ ಕಾಳಿನಿಂದ ಮಾಡುವವರಿಗಾದರೆ ಬೇಯಿಸಿದ ಜೋಳದ ವಾಸನೆಯನ್ನು ಕೊಡುವ ಗಂಧಕಯುಕ್ತ ಪದಾರ್ಥವೊಂದು ಆವಿಯೊಡನೆ ಹೋಗದೆ ಒಳಗೇ ಉಳಿಯುವ ಭಯ ಇನ್ನೊಂದು.

ಆದರೆ ಇಲ್ಲಿ ಸೂಕ್ಷ್ಮವೊಂದಿದೆ, ಹುಡುಗನಿಗೆ ಬರೆದ ಉತ್ತರದಲ್ಲಿ ನಾನು ಎರಡು ಪುಟಗಳನ್ನು ವ್ಯಯಿಸಿದ್ದು ಇದಕ್ಕಾಗಿಯೇ. ರಸದ ಸಾಂದ್ರತೆಯನ್ನು ಅವರು ನೀರಿನ ಸಾಂದ್ರತೆಗೆ ಹೋಲಿಸಿ ಹೇಳುತ್ತಾರೆ. ನಾವು ಹೋಟೆಲಿನವರು ಹಾಲಿನವನು ನೀರು ಬೆರೆಸಿದನೇ ಎಂದು ನೋಡಲು ಲ್ಯಾಕ್ಟೋಮೀಟರ್ ಇಳಿಬಿಡುವುದಿಲ್ಲವೇ? ಅವರ ಹೈಡ್ರೋಮೀಟರು ಅದರ ಒಡಹುಟ್ಟಿದುದೇ. ಸಾಧಾರಣ ಬಿಯರಿನ ರಸ 1.040 ತೋರಿಸುತ್ತದೆ. 23 ಲೀಟರಿನಲ್ಲಿ 40 ಅಂಶ ಬರಬೇಕಾದರೆ ಒಟ್ಟು 920 ಅಂಶಗಳು ಬೇಕು, ಮೂರು ಕಿಲೋ ಪಾಕ ಕೊಡುವುದು ಸುಮಾರಾಗಿ ಅಷ್ಟನ್ನೇ. ಅಷ್ಟನ್ನೂ ಚಿಕ್ಕ ಪಾತ್ರೆಗೆ ಸುರಿದು, ಒಂದು ಲೀಟರು ಆವಿಯಾಗಿ ಎಂಟು ಲೀಟರು ಉಳಿದರೆ, ಸಾಂದ್ರತೆ 1.115ಕ್ಕೆ ಏರುತ್ತದೆ. ಇಷ್ಟು ದಪ್ಪವಾದ ರಸದಲ್ಲಿ ಎರಡು ಕೇಡುಗಳು. ಒಂದು, ಸಕ್ಕರೆ ಕಂದಿ ಬಣ್ಣ ಕಪ್ಪೇರುತ್ತದೆ. ಹೊನ್ನಿನ ಬಣ್ಣದ ಬಿಯರು ಬೇಕೆಂದವನಿಗೆ ಕಾಕಂಬಿಯ ಬಣ್ಣ ಬರುತ್ತದೆ. ಇನ್ನೊಂದು, ಹಾಪ್ಸಿನ ಕಹಿ ಸರಿಯಾಗಿ ಇಳಿಯುವುದಿಲ್ಲ. ಅಮೆರಿಕದ ಗ್ಲೆನ್ ಟಿನ್ಸೆತ್ ಎಂಬವರ ಪ್ರಸಿದ್ಧ ಸೂತ್ರದಂತೆ ಲೆಕ್ಕಹಾಕಿದರೆ 1.040ರಲ್ಲಿ ದೊರೆಯುವ ಕಹಿಯ ಸುಮಾರು ಅರ್ಧದಷ್ಟು ಮಾತ್ರ 1.115ರಲ್ಲಿ ದೊರೆಯುತ್ತದೆ.

ಪರಿಹಾರವು ಅತಿ ಸುಲಭವಾದುದು. ಕುದಿಯುವ ಮೊದಲು ಅರ್ಧ ಪಾಕ, ಕುದಿತ ಮುಗಿಯಲು ಕಾಲು ಗಂಟೆ ಇರುವಾಗ ಉಳಿದ ಅರ್ಧ. ಹೀಗೆ ಮಾಡಿದರೆ ಹಾಪ್ಸು ಬಹುಪಾಲು ಹೊತ್ತು 1.055ರ ಆಸುಪಾಸಿನ ರಸದಲ್ಲಿ ಕುದಿಯುತ್ತದೆ. ಅದೇ ಸೂತ್ರದಂತೆ ಕಹಿಯಲ್ಲಿ ಎಂಟನೆಯ ಒಂದು ಪಾಲಿನಷ್ಟು ಮಾತ್ರ ನಷ್ಟ. ನಾಲ್ಕು ಹೂವು ಹೆಚ್ಚು ಹಾಕಿದರೆ ಅದೂ ತುಂಬಿತು. ಕೊನೆಗೆ ಹಾಕಿದ ಪಾಕವು ಕಾರಖಾನೆಯಲ್ಲಿ ಒಮ್ಮೆ ಕಾದುದೇ ಆದುದರಿಂದ, ಶುದ್ಧಿಗೆ ಕಾಲು ಗಂಟೆ ಧಾರಾಳವಾಯಿತು. ಈ ಸೂತ್ರಗಳನ್ನು ವೇದವಾಕ್ಯವೆಂದು ನಾನು ಹೇಳುವುದಿಲ್ಲ. ನಾಲಗೆಯ ಮುಂದೆ ಯಾವ ಸೂತ್ರವೂ ಸ್ವಲ್ಪ ತಲೆಬಾಗಬೇಕಾಗುತ್ತದೆ. ಆದರೆ ಪಾಕವನ್ನು ಎರಡು ಕಂತುಗಳಲ್ಲಿ ಹಾಕುವ ಪದ್ಧತಿ ಮಾತ್ರ ಅನುಭವಸಿದ್ಧವಾದುದು. ಆ ಎರಡನೆಯ ಕಂತಿನಲ್ಲಿಯೂ ಒಲೆಯನ್ನು ಆರಿಸಲು ಮರೆಯಬೇಡವೆಂದು ಅಡಿಗೆರೆ ಎಳೆದು ಬರೆದೆ.

ಇನ್ನು ಉಳಿದುದು ಹದಿನೈದು ಲೀಟರು ತಣ್ಣೀರಿನ ವಿಚಾರ. ಹಲವರು ನಲ್ಲಿಯ ನೀರನ್ನೇ ನೇರವಾಗಿ ಬೆರೆಸಿಬಿಡುತ್ತಾರಂತೆ. ನನಗೆ ಒಪ್ಪಿಗೆಯಿಲ್ಲ. ನಲ್ಲಿಯ ಕ್ಲೋರಿನ್ನು ಮಾಲ್ಟಿನಲ್ಲಿರುವ ಪದಾರ್ಥಗಳೊಡನೆ ಸೇರಿದರೆ ಆಸ್ಪತ್ರೆಯ ಔಷಧದ ವಾಸನೆ ಬರುತ್ತದೆ. ಅದು ಬಂದ ಮೇಲೆ ಕಳೆಯುವ ಉಪಾಯವಿಲ್ಲ. ಆದುದರಿಂದ ಹಿಂದಿನ ದಿನವೇ ಅದೇ ಪಾತ್ರೆಯಲ್ಲಿ ಎರಡು ಸಲ ನೀರು ಕಾಯಿಸಿ, ಆರಿಸಿ, ಶುದ್ಧಮಾಡಿದ ಬಕೆಟಿಗೆ ತುಂಬಿ, ಮುಚ್ಚಿ, ರಾತ್ರಿ ಹಿತ್ತಿಲ ಮೆಟ್ಟಿಲಿನ ಮೇಲಿಡಲು ಹೇಳಿದೆ. ಲೀಡ್ಸಿನ ಚಳಿಗಾಲವು ಬೇರೆ ಯಾವುದಕ್ಕೆ ಒದಗದಿದ್ದರೂ ಇದಕ್ಕೆ ಒದಗುತ್ತದೆ. ನೀರಿನಲ್ಲಿ ಕ್ಲೋರಮೀನ್ ಇದ್ದರೆ ಕುದಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಅದಕ್ಕೆ ಮೆಟಾಬೈಸಲ್ಫೈಟಿನ ಗುಳಿಗೆಯನ್ನು ಪುಡಿಮಾಡಿ ಹಾಕುವ ರೂಢಿಯಿದೆ.

ತಣಿಸುವ ಲೆಕ್ಕವನ್ನೂ ನೋಡಿರಿ. ನೂರು ಡಿಗ್ರಿಯ ಎಂಟು ಲೀಟರು ರಸವನ್ನು ಹತ್ತು ಡಿಗ್ರಿಯ ಹದಿನೈದು ಲೀಟರು ನೀರಿಗೆ ಸುರಿದರೆ ಎಲ್ಲವೂ ಸೇರಿ 41 ಡಿಗ್ರಿಯಾಗುತ್ತದೆ. ಯೀಸ್ಟಿಗೆ ಅದು ಬೇಸಗೆಯ ಬಿಸಿಲಿಗಿಂತ ಹೆಚ್ಚು. ಅದೇ ರಸವನ್ನು ಪಾತ್ರೆಯೊಡನೆ ತೊಟ್ಟಿಯ ತಣ್ಣೀರಿನಲ್ಲಿಟ್ಟು, ನೀರನ್ನು ಬದಲಾಯಿಸುತ್ತ 40 ಡಿಗ್ರಿಗೆ ಇಳಿಸಿ ಆಮೇಲೆ ಸುರಿದರೆ ಒಟ್ಟು ಇಪ್ಪತ್ತು ಡಿಗ್ರಿ, ಯೀಸ್ಟಿಗೆ ಹಿತವಾದುದು. ದೊಡ್ಡ ಪಾತ್ರೆಯವನು 23 ಲೀಟರನ್ನು ತಣಿಸಲು ತಾಮ್ರದ ಸುರುಳಿಯನ್ನು ಕೊಳ್ಳಬೇಕು. ಚಿಕ್ಕ ಪಾತ್ರೆಯವನಿಗೆ ಆ ಖರ್ಚಿಲ್ಲ. ಕುದಿಸಿದ ನೀರಿನಲ್ಲಿ ಪ್ರಾಣವಾಯು ಇರುವುದಿಲ್ಲವಾದುದರಿಂದ ಮತ್ತು ಯೀಸ್ಟಿಗೆ ಆರಂಭದಲ್ಲಿ ಅದು ಬೇಕಾದುದರಿಂದ, ತಣಿದ ರಸವನ್ನು ಎತ್ತರದಿಂದ ಸುರಿಯಬೇಕು. ನಮ್ಮ ಮಾಣಿಗಳು ಕಾಫಿಯನ್ನು ಲೋಟದಿಂದ ಲೋಟಕ್ಕೆ ಮಾರುದ್ದ ಎಳೆಯುವಂತೆ. ಬಿಸಿಯಿರುವಾಗ ಹಾಗೆ ಮಾಡುವ ಧೈರ್ಯ ಬೇಡವೆಂದೂ ಬರೆದೆ. ಬೆಂದ ಮುಂಗೈ ಇನ್ನೂ ಮಾಗಿರಲಿಲ್ಲ.

ಹೀಗೆ ನೀರು ಬೆರೆಸುವುದು ಮೋಸವಲ್ಲವೇ ಎಂಬ ಪ್ರಶ್ನೆ, ಹಾಲಿನವನೊಡನೆ ದಿನವೂ ಜಗಳವಾಡಿದ ನನ್ನ ಮನಸ್ಸಿನಲ್ಲಿ ಎದ್ದುದು ಸಹಜ. ಆದರೆ ದೊಡ್ಡ ದೊಡ್ಡ ಕಾರಖಾನೆಗಳೂ ಹೆಚ್ಚು ಸಾಂದ್ರತೆಯ ರಸವನ್ನು ಹುದುಗಿಸಿ, ಕೊನೆಯಲ್ಲಿ ಪ್ರಾಣವಾಯುವನ್ನು ತೆಗೆದ ನೀರನ್ನು ಬೆರೆಸಿ ಹದಕ್ಕೆ ತರುವುದುಂಟು. ಅದರಿಂದ ಇದ್ದ ತೊಟ್ಟಿಗಳಲ್ಲಿಯೇ ಹೆಚ್ಚು ಮಾಲು ಇಳಿಯುತ್ತದೆ. ಪಾತ್ರೆ ಸಾಲದೆಂಬ ಕೊರತೆ ವಿದ್ಯಾರ್ಥಿಗೆ ಮಾತ್ರ ಇರುವುದಲ್ಲ.

ಪಾಕವನ್ನು ಒಲ್ಲದೆ ಕಾಳಿನಿಂದಲೇ ಮಾಡುವೆನೆನ್ನುವವರಿಗೆ ಕೆಲಸ ಕಠಿಣ. ಆಸ್ಟ್ರೇಲಿಯದವರು ಬಳಕೆಗೆ ತಂದ ಪದ್ಧತಿಯಲ್ಲಿ ಕಾಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಅದೇ ಪಾತ್ರೆಯಲ್ಲಿ ನೆನೆಯಿಸಿ ಎತ್ತಿಬಿಡುತ್ತಾರೆ. ಹನ್ನೆರಡು ಲೀಟರಿನ ಪಾತ್ರೆಯಲ್ಲಿ ಎರಡೂವರೆ ಕಿಲೋ ಕಾಳು ಹಿಡಿದರೆ ಹೆಚ್ಚು; ಅದರಿಂದ ಹತ್ತೋ ಹನ್ನೆರಡೋ ಲೀಟರು ಬಿಯರು ಬರುತ್ತದೆ. ಎರಡು ಪಾತ್ರೆಗಳಲ್ಲಿ ಹಂಚಿ ಕುದಿಸುವವರೂ ಇದ್ದಾರೆ; ಆಗ ಹಾಪ್ಸನ್ನೂ ಲೆಕ್ಕಮಾಡಿ ಹಂಚಬೇಕು, ಆವಿಯಾಗಿ ಹೋಗುವುದೂ ಎರಡು ಕಡೆ. ನನ್ನನ್ನು ಕೇಳಿದರೆ, ಕಾಳಿನವನು ಹತ್ತು ಲೀಟರಿಗೆ ತೃಪ್ತನಾಗುವುದೇ ಲೇಸು.

ಇಂಗ್ಲೆಂಡಿನವರಿಗೆ ಈ ಸ್ವಾತಂತ್ರ್ಯ ಸುಮ್ಮನೆ ಬಂದುದಲ್ಲ. ಒಂದು ಕಾಲದಲ್ಲಿ ಅಲ್ಲಿಯ ಹಳ್ಳಿಯ ಗೃಹಿಣಿಯರು ರೊಟ್ಟಿ ಸುಡುವಷ್ಟೇ ಸಹಜವಾಗಿ ಬಿಯರು ಮಾಡುತ್ತಿದ್ದರು. 1880ರಲ್ಲಿ ಗ್ಲ್ಯಾಡ್‌ಸ್ಟನ್ ಅವರು ಮಾಲ್ಟಿನ ಮೇಲಿನ ತೆರಿಗೆಯನ್ನು ತೆಗೆದು ಬಿಯರಿನ ಮೇಲೆಯೇ ತೆರಿಗೆಯಿಟ್ಟಾಗ, ಮನೆಯಲ್ಲಿ ಮಾಡುವವರಿಗೂ ಪರವಾನಿಗೆ ಬೇಕಾಯಿತು. 1963ರ ಮುಂಗಡಪತ್ರದಲ್ಲಿ ಅರ್ಥಸಚಿವ ರೆಜಿನಾಲ್ಡ್ ಮಾಡ್ಲಿಂಗರು ಅದನ್ನು ರದ್ದುಗೊಳಿಸಿದರು. ಅಂದಿನಿಂದ ಸ್ವಂತ ಉಪಯೋಗಕ್ಕೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. 1974ರಲ್ಲಿ ಪ್ರಕಟವಾದ ಡೇವ್ ಲೈನರ ಪುಸ್ತಕವು ಅಲ್ಲಿ ಅನೇಕರಿಗೆ ಗುರುವಾಯಿತು. ಅಮೆರಿಕದ ಕಥೆ ಇನ್ನೂ ವಿಚಿತ್ರ. 1920ರಿಂದ 1933ರವರೆಗೆ ಅಲ್ಲಿ ದೇಶವ್ಯಾಪಿ ಪಾನನಿರೋಧವಿದ್ದಿತು; ಅದು ಮುಗಿದಾಗ ಮನೆಯಲ್ಲಿ ದ್ರಾಕ್ಷಾರಸ ಮಾಡಲು ಅನುಮತಿ ದೊರೆಯಿತು, ಬಿಯರಿಗೆ ದೊರೆಯಲಿಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರರು ಸಹಿ ಮಾಡಿದ ಶಾಸನವು 1979ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮೇಲೆ, ಒಬ್ಬನೇ ವಯಸ್ಕನಿರುವ ಮನೆಯಲ್ಲಿ ವರುಷಕ್ಕೆ 100 ಗ್ಯಾಲನ್ನು, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳುವಂತಾಯಿತು. ಅಲಬಾಮಾ, ಮಿಸಿಸಿಪಿ ರಾಜ್ಯಗಳು ಒಪ್ಪಿದುದು 2013ರಲ್ಲಿ.

ಮುಂಬಯಿ, ಪುಣೆಗಳಲ್ಲಿರುವ ನಮ್ಮ ತರುಣರು ಇದನ್ನೋದಿ ಒಲೆ ಹೊತ್ತಿಸಲು ಹೊರಡಬಾರದೆಂದು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಮುಂಬಯಿ ಪಾನನಿರೋಧ ಕಾಯಿದೆಯೆಂದು 1949ರಲ್ಲಿ ಆದ ಶಾಸನವು ಮಹಾರಾಷ್ಟ್ರದ ಹೆಸರಿನಲ್ಲಿ ಇಂದಿಗೂ ಇದೆ. ಪರವಾನಿಗೆಯಿಲ್ಲದೆ ಮದ್ಯ ತಯಾರಿಸುವುದು ಅದರಂತೆ ಅಪರಾಧ. ಕರ್ನಾಟಕದಲ್ಲಿಯೂ 1965ರ ಅಬಕಾರಿ ಕಾಯಿದೆ ಇದೇ ಮಾತನ್ನು ಹೇಳುತ್ತದೆ. ಲೀಡ್ಸಿನಲ್ಲಿ ಸರಿಯಾದುದು ಮಾಟುಂಗದಲ್ಲಿ ಸರಿಯಾಗುವುದಿಲ್ಲ.

ಹುಡುಗನ ಎರಡನೆಯ ಪ್ರಯತ್ನಕ್ಕೆ ಬರುತ್ತೇನೆ. ಒಲೆಯ ಸುತ್ತ ಹಳೆಯ ವೃತ್ತಪತ್ರಿಕೆ ಹಾಸಿ, ಒದ್ದೆ ಬಟ್ಟೆಯನ್ನು ಕೈಗೆ ಸಿದ್ಧವಿಟ್ಟುಕೊಂಡು, ಹೇಳಿದಂತೆಯೇ ಮಾಡಿದನು. ಹಾಪ್ಸ್ ಹಾಕಿದಾಗ ನೊರೆ ಏರಿತು, ಬಿಟ್ಟಿದ್ದ ಜಾಗದೊಳಗೇ ನಿಂತಿತು. ಬಕೆಟಿನಲ್ಲಿ ಹೈಡ್ರೋಮೀಟರು ಮೊದಲು ತೋರಿಸಿದ್ದು 1.034. ಗಾಬರಿಯಾಗಿ ನಡುರಾತ್ರಿಯಲ್ಲಿ ನನಗೆ ದೂರವಾಣಿ ಮಾಡಿದನು. ದಪ್ಪ ರಸವು ತಳದಲ್ಲಿ ಕುಳಿತಿರುವುದು, ಶುದ್ಧಮಾಡಿದ ಸೌಟಿನಿಂದ ಚೆನ್ನಾಗಿ ಕಲಕಿ ಮತ್ತೆ ನೋಡು ಎಂದೆ. ಶರಬತ್ತು ಮಾಡುವವನಿಗೆ ಇದೂ ಹೊಸತಲ್ಲ. ಕಲಕಿದ ಮೇಲೆ 1.040 ಬಂದಿತು. ಎರಡು ವಾರ ಹುದುಗಿ 1.010ಕ್ಕಿಳಿಯಿತು, ಎಂದರೆ ಮದ್ಯಸಾರ ನೂರಕ್ಕೆ ನಾಲ್ಕರ ಒಳಗೆ. ಮೂರು ದಿನ ಅದೇ ಅಂಕ ನಿಂತಿರುವುದನ್ನು ನೋಡದೆ ಬಾಟಲಿಗೆ ತುಂಬಬೇಡವೆಂದು ನಾನು ಹಟ ಹಿಡಿದಿದ್ದೆ. ಹುದುಗುವುದು ಮುಗಿಯುವ ಮೊದಲೇ ತುಂಬಿದರೆ ಗಾಜಿನ ಬಾಟಲಿ ಸಿಡಿಯುತ್ತದೆ, ಅದು ಕೈಗಲ್ಲ ಕಣ್ಣಿಗೇ ಅಪಾಯ. ಗುಳ್ಳೆಗಾಗಿ ಲೀಟರಿಗೆ ಆರು ಗ್ರಾಂ ಸಕ್ಕರೆಯನ್ನು ತೂಗಿ ಹಾಕಿದನು. ಅರ್ಧ ಲೀಟರಿನ ನಾಲ್ವತ್ತೊಂದು ಬಾಟಲಿಗಳು ತುಂಬಿದುವು. ಒಂದೂ ಒಡೆಯಲಿಲ್ಲ. ಬಣ್ಣ ತುಸು ಹೆಚ್ಚು ಕಂದು, ಕಹಿ ತುಸು ಕಡಿಮೆ ಎಂದು ಗೆಳೆಯರ ತೀರ್ಪು. ಆದರೂ ಬಾಟಲಿಗಳು ಉಳಿಯಲಿಲ್ಲ. ಮನೆಯೊಡತಿಗೂ ಎರಡನ್ನು ಕೊಟ್ಟನಂತೆ.

ಈ ಲೇಖನ ಬರೆಯುವ ಮೊದಲು ಅವನನ್ನು ಕೇಳಿದೆ. ಊರಿನಲ್ಲಿರುವ ಅಣ್ಣನವರು ಈ ಪತ್ರಿಕೆಯನ್ನು ಅಂಚೆಯಲ್ಲಿ ತರಿಸಿಕೊಂಡು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುವವರು. ಮುಂಗೈಯ ಗಾಯ ಹಾಲು ಉಕ್ಕಿ ಆದುದೆಂದು ಅವರಿಗೆ ಮಗನು ಹೇಳಿದ್ದನು. “ಬರೆಯಿರಿ ಚಿಕ್ಕಪ್ಪ, ಅಪ್ಪನಿಗೆ ಮೊನ್ನೆಯೇ ನಿಜ ಹೇಳಿದೆ” ಎಂದನು. ಅಣ್ಣನವರು ಅರ್ಧ ನಿಮಿಷ ಸುಮ್ಮನಿದ್ದು, ಗಾಯಕ್ಕೆ ಏನು ಹಚ್ಚಿದೆ ಎಂದು ಕೇಳಿದರಂತೆ. ನನ್ನೊಡನೆ ಮಾತ್ರ ಇನ್ನೂ ಮಾತನಾಡಿಲ್ಲ.

ಈಗ ಹುಡುಗನಿಗೆ ಮೂವತ್ತು ಲೀಟರಿನ ಪಾತ್ರೆಯ ಆಸೆ ಹುಟ್ಟಿದೆ. ಪಾತ್ರೆ ಕೊಳ್ಳುವ ಮೊದಲು ಒಲೆಯನ್ನು ನೋಡು ಎಂದು ಬರೆದಿದ್ದೇನೆ. ಅವನ ವಿದ್ಯುತ್ ಒಲೆ ಎರಡು ಕಿಲೋವ್ಯಾಟಿನದು. ಇಪ್ಪತ್ತೈದು ಲೀಟರು ನೀರು ಇಪ್ಪತ್ತು ಡಿಗ್ರಿಯಿಂದ ಕುದಿಯ ಮಟ್ಟಕ್ಕೆ ಬರಲು, ಒಂದು ಚೂರು ಶಾಖವೂ ಪೋಲಾಗದಿದ್ದರೂ, ಎಪ್ಪತ್ತು ನಿಮಿಷ ಬೇಕು; ಪೋಲಾಗುವುದನ್ನು ಸೇರಿಸಿದರೆ ಅದು ಕುದಿಯುವುದೇ ಅನುಮಾನ, ಕುದಿದರೂ ತಳಮಳಿಸುವ ಕುದಿತವಾಗದು. ತುಂಬಿದ ಪಾತ್ರೆಯನ್ನು ಇಳಿಸಲು ಇಬ್ಬರು ಬೇಕು. ಅವನ ಉತ್ತರ ಇನ್ನೂ ಬಂದಿಲ್ಲ.